ಹಳೇ ಕಾಂಪ್ಲೆಕ್ಸಿಗೆ ಹೊಸ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಖಾಲಿ ಬಿದ್ದ ಆಫೀಸ್ ಕಟ್ಟಡ, ಬೀಗ ಹಾಕಿದ ಮಾಲ್, ಅರ್ಧ ಶಟರ್ ಎಳೆದ ಶಾಪಿಂಗ್ ಕಾಂಪ್ಲೆಕ್ಸ್. ಇವನ್ನು ಕೆಡವದೆ ಬೇರೆ ಕೆಲಸಕ್ಕೆ ಹೊಂದಿಸುವ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಪತ್ರದಲ್ಲಿ ಬಂದವು, ಕೆಲವು ಸೈಟಿನಲ್ಲಿ ನಿಂತು ಕೇಳಿದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ಬಣ್ಣ ಹೊಡೆದು ಟೈಲ್ಸ್ ಬದಲಾಯಿಸಿದ್ರೆ ಆಯ್ತಲ್ವಾ? ಇದರಲ್ಲಿ ಅಷ್ಟೊಂದು ಏನಿದೆ?

ಬಣ್ಣ, ಟೈಲ್ಸ್ ಬದಲಾದರೆ ಕಟ್ಟಡ ಅದೇ ಕೆಲಸವನ್ನು ಇನ್ನೂ ಸ್ವಲ್ಪ ಕಾಲ ಮಾಡುತ್ತದೆ. ಇಲ್ಲಿ ಬದಲಾಗುವುದು ಕೆಲಸವೇ. ಆಫೀಸ್ ಇದ್ದದ್ದು ಮನೆ ಆಗುತ್ತದೆ, ಮಾಲ್ ಇದ್ದದ್ದು ಕಾಲೇಜು ಆಗುತ್ತದೆ. ಕೆಲಸ ಬದಲಾದ ಕೂಡಲೇ ಬೆಂಕಿ, ಮೆಟ್ಟಿಲು, ಭಾರ, ಶೌಚಾಲಯ, ಪಾರ್ಕಿಂಗ್ ಎಲ್ಲದರ ನಿಯಮವೂ ಬದಲಾಗುತ್ತದೆ.

ಫ್ರಾಂಕ್ ಡಫಿ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಆಫೀಸ್ ಕಟ್ಟಡಗಳನ್ನು ಪದರ ಪದರವಾಗಿ ನೋಡಿದರು. ಪಿಲ್ಲರು, ಸ್ಲ್ಯಾಬುಗಳ ಹಂದರಕ್ಕೆ ಅವರ ಲೆಕ್ಕದಲ್ಲಿ ಸುಮಾರು 50 ವರ್ಷ. ವೈರಿಂಗ್, ಪೈಪು, ಎಸಿಗೆ ಸುಮಾರು 15. ಒಳಗಿನ ಪಾರ್ಟಿಷನ್, ಫಾಲ್ಸ್ ಸೀಲಿಂಗಿಗೆ 5ರಿಂದ 7. "ತುಂಬಾ ಹಳೇದಾಯ್ತು" ಎಂದು ನಾವು ದೂರುವುದು ಹೆಚ್ಚಾಗಿ ಕೊನೆಯ ಎರಡು ಪದರಗಳನ್ನು. ಕೆಡವುವಾಗ ಮಾತ್ರ ಮೊದಲನೆಯದನ್ನೂ ಸೇರಿಸಿಯೇ ಕೆಡವುತ್ತೇವೆ.

ಊರು ಬೆಳೀತಾ ಇದೆ, ಬಾಡಿಗೆ ಏರ್ತಾ ಇದೆ. ಹಾಗಿದ್ರೂ ಈ ಬಿಲ್ಡಿಂಗ್‌ಗಳು ಯಾಕೆ ಖಾಲಿ?

ಊರು ಬೆಳೆಯುವುದರಿಂದಲೇ. ಹೊಸ ರಸ್ತೆ, ಹೊಸ ರೈಲು ಮಾರ್ಗ ಬಂದ ಕಡೆಗೆ ಜನದ ಓಡಾಟ ಸರಿಯುತ್ತದೆ. ಹಳೇ ವ್ಯಾಪಾರದ ಬೀದಿಯಲ್ಲಿ ನೆಲದ ಬೆಲೆ ಏರುತ್ತದೆ, ಆದರೆ ಗಿರಾಕಿ ಬರುವುದಿಲ್ಲ. ದೊಡ್ಡ ಕಂಪನಿಗಳಿಗೆ ಒಂದೇ ಮಹಡಿಯಲ್ಲಿ ಎಲ್ಲರನ್ನೂ ಕೂರಿಸಬೇಕು, ಹಳೇ ಕಟ್ಟಡದಲ್ಲಿ ಅಷ್ಟು ಜಾಗ ಇರುವುದಿಲ್ಲ. ಲಿಫ್ಟ್ ಚಿಕ್ಕದು, ಸೀಲಿಂಗ್ ತಗ್ಗು, ಕರೆಂಟ್ ಸಾಮರ್ಥ್ಯ ಕಮ್ಮಿ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೆಲದ ಬೆಲೆ ಏರುತ್ತಿದ್ದರೆ ಮಾಲೀಕರಿಗೆ ಖಾಲಿ ಇಟ್ಟುಕೊಂಡು ಕಾಯುವುದೇ ಲಾಭ. ಬಾಡಿಗೆದಾರ ಒಳಗಿದ್ದರೆ ಮಾರುವಾಗ ತೊಂದರೆ ಎಂಬ ಲೆಕ್ಕ.

ಚೆಂದದ ಪುರಾತನ ಕಟ್ಟಡ ಆದ್ರೆ ಉಳಿಸ್ಲಿ. ಈ ಸಿಮೆಂಟ್ ಡಬ್ಬಾನ ಯಾಕೆ ಉಳಿಸ್ಬೇಕು?

ನನಗೆ ಜಾಸ್ತಿ ಇಷ್ಟವಾದ ಪ್ರಶ್ನೆ ಇದು. ಕಮಾನು, ಕೆತ್ತನೆ ಇರುವ ಕಟ್ಟಡಗಳ ಪರ ಮಾತಾಡಲು ಯಾರಾದರೂ ಇದ್ದೇ ಇರುತ್ತಾರೆ. ಅಂಥವು ಊರಿನಲ್ಲಿ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕಳೆದ ನಾಲ್ಕೈದು ದಶಕಗಳ ಸಾದಾ ಕಾಂಕ್ರೀಟ್ ಪೆಟ್ಟಿಗೆಗಳೇ. ಲೆಕ್ಕಕ್ಕೆ ಬರುವ ಜಾಗ ಇರುವುದು ಅಲ್ಲಿ.

ಡಬ್ಬಾ ಎನ್ನುವುದೇ ಅದರ ಅನುಕೂಲವೂ ಹೌದು. ಒಂದೇ ಅಳತೆಯ ಪಿಲ್ಲರ್ ಸಾಲು, ಚಪ್ಪಟೆ ಸ್ಲ್ಯಾಬು, ಒಳಗಿನ ಗೋಡೆಗಳ ಮೇಲೆ ಭಾರ ಇಲ್ಲ. ಪಾರ್ಟಿಷನ್ ಗೋಡೆ ಎಲ್ಲಿ ಬೇಕಾದರೂ ಒಡೆಯಬಹುದು, ಹಗುರ ಗೋಡೆ ಎಲ್ಲಿ ಬೇಕಾದರೂ ಕಟ್ಟಬಹುದು. ಪಾರಂಪರಿಕ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಮುಂಭಾಗ ಪೂರ್ತಿ ಕಿತ್ತು ಹೊಸದು ಹಾಕಿದರೂ ಕೇಳುವವರಿಲ್ಲ. ಕೆಲವು ಊರುಗಳಲ್ಲಿ ಹಳೇ ಕಟ್ಟಡದಲ್ಲಿ ಇಂದಿನ ನಿಯಮ ಬಿಡುವುದಕ್ಕಿಂತ ಹೆಚ್ಚು ಚದರಡಿ ಇರುತ್ತದೆ. ಒಮ್ಮೆ ಕೆಡವಿದರೆ ಅಷ್ಟು ಜಾಗ ವಾಪಸ್ ಸಿಗುವುದಿಲ್ಲ.

ಕೆಡವಿ ಕಟ್ಟೋದೇ ಅಗ್ಗ ಅಂತ ಕಾಂಟ್ರಾಕ್ಟರ್ ಹೇಳ್ತಾರೆ. ನಿಜಾನಾ?

ಕೆಲವೊಮ್ಮೆ ನಿಜ. ಅವರ ಕಷ್ಟವೂ ಅರ್ಥವಾಗುವಂಥದ್ದೇ. ಹೊಸ ಕಟ್ಟಡದಲ್ಲಿ ಎಲ್ಲವೂ ಮೊದಲೇ ಲೆಕ್ಕ ಹಾಕಿದ್ದು. ಹಳೇದರಲ್ಲಿ ಗಾರೆ ಕೆರೆದ ಮೇಲೆ ಏನು ಕಾಣುತ್ತದೋ ಗೊತ್ತಿಲ್ಲ, ಹಾಗಾಗಿ ಭಯಕ್ಕೂ ಸೇರಿಸಿ ರೇಟ್ ಹೇಳುತ್ತಾರೆ. ಭಯ ಕಮ್ಮಿ ಮಾಡುವ ದಾರಿ ಒಂದೇ: ಕೊಟೇಶನ್ ಕೇಳುವ ಮುಂಚೆ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಅವರ ಕೈಗೆ ಕೊಡುವುದು.

ಹೋಲಿಸುವಾಗ ಬಿಟ್ಟುಹೋಗುವ ಬಾಬತ್ತು ಸಮಯ. ಪಾಯ, ಪಿಲ್ಲರು, ಸ್ಲ್ಯಾಬು ಈಗಾಗಲೇ ನಿಂತಿವೆ. ಕೆಡವುವ ದಿನ, ಅವಶೇಷ ಸಾಗಿಸುವ ದಿನ, ಪಾಯ ತೆಗೆಯುವ ದಿನ ಎಲ್ಲ ಉಳಿಯುತ್ತದೆ. ಸಾಲದ ಬಡ್ಡಿ ಓಡುತ್ತಿರುವವರಿಗೆ ಇದೇ ದೊಡ್ಡ ಮೊತ್ತ. ಹಾಗೆಂದು ಅನಿರೀಕ್ಷಿತ ಖರ್ಚಿಗೆ ಹೊಸ ಕಟ್ಟಡಕ್ಕಿಂತ ಹೆಚ್ಚು ಹಣ ಎತ್ತಿಡದೆ ಕೈಹಾಕಬೇಡಿ.

## ಕಟ್ಟಡ ನೋಡಲು ಹೋದಾಗ

ಮೊದಲ ಸಲ ಒಳಗೆ ಹೋದಾಗ ಏನು ನೋಡ್ಬೇಕು?

ಟೇಪ್ ಹಿಡಿದು ಹೋಗಿ. "ಇಲ್ಲಿ ಹೋಟೆಲ್ ಮಾಡೋಣ" ಎಂದು ತಲೆಯಲ್ಲಿಟ್ಟುಕೊಂಡು ಹೋಗಬೇಡಿ. ಮೊದಲು ಅಳತೆ, ಆಮೇಲೆ ಯೋಚನೆ. ಈ ಕ್ರಮ ತಿರುಗುಮುರುಗಾದದ್ದೇ ಎಷ್ಟೋ ಯೋಜನೆಗಳು ಅರ್ಧಕ್ಕೆ ನಿಲ್ಲಲು ಕಾರಣ.

ಮೊದಲ ಅಳತೆ ಕಿಟಕಿಯಿಂದ ಒಳಗಿನ ಲಿಫ್ಟ್, ಮೆಟ್ಟಿಲಿನ ಗೋಡೆವರೆಗಿನ ದೂರ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಚೆನ್ನಾಗಿ ಬರುತ್ತದೆ. ಮೇಲಂಚು 2.4 ಮೀಟರ್ ಇದ್ದರೆ ಐದಾರು ಮೀಟರ್ ಅಷ್ಟೇ. ಅದರಾಚೆ ಹಗಲಲ್ಲೂ ಲೈಟ್ ಬೇಕು.

ಎರಡನೆಯದು ನೆಲದಿಂದ ಬೀಮಿನ ತಳದವರೆಗಿನ ಎತ್ತರ. ಸ್ಲ್ಯಾಬಿನವರೆಗೆ ಅಳೆದು ಖುಷಿಪಡಬೇಡಿ, ಪೈಪು, ಗಾಳಿ ಹಾಯುವ ಡಕ್ಟುಗಳೆಲ್ಲ ಬೀಮಿನ ಕೆಳಗೇ ಹಾಯಬೇಕು. ಮೂರನೆಯದು ಪಿಲ್ಲರುಗಳ ನಡುವಿನ ಅಂತರ. ನಾಲ್ಕನೆಯದು ಮೆಟ್ಟಿಲು: ಎಷ್ಟು ಅಗಲ, ಎಷ್ಟು ಕಡೆ, ಎರಡೂ ಒಂದೇ ಮೂಲೆಯಲ್ಲಿವೆಯಾ? ಆಮೇಲೆ ತಾರಸಿಗೂ ನೆಲಮಾಳಿಗೆಗೂ ಹೋಗಿ. ನೀರು ಎಲ್ಲಿಂದ ಬರುತ್ತಿದೆ ಎಂದು ಆ ಎರಡು ಜಾಗಗಳೇ ಹೇಳುತ್ತವೆ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನ ಹೋಗಿ.

ಕಾಂಕ್ರೀಟ್ ಗಟ್ಟಿ ಇದೆಯಾ ಅಂತ ನೋಡಿದ್ರೆ ಗೊತ್ತಾಗುತ್ತಾ?

ಇಲ್ಲ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ ಎಂದಷ್ಟೇ ಗೊತ್ತಾಗುತ್ತದೆ. ಕಬ್ಬಿಣದ ಸ್ಥಿತಿ ತಿಳಿಯಲು ಒಂದು ಸರಳ ಪರೀಕ್ಷೆ ಇದೆ, ನೋಡಲೂ ಮಜಾ. ಪಿಲ್ಲರಿನ ಮೂಲೆಯಲ್ಲಿ ಉಳಿಯಿಂದ ಸ್ವಲ್ಪ ಕಾಂಕ್ರೀಟ್ ಒಡೆಯುತ್ತಾರೆ. ದೂಳು ಊದಿ, ಹೊಸದಾಗಿ ಒಡೆದ ಮುಖದ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಚಿಮುಕಿಸುತ್ತಾರೆ. ಕ್ಷಣದಲ್ಲಿ ಒಳಭಾಗ ಗಾಢ ಗುಲಾಬಿ ಆಗುತ್ತದೆ. ಹೊರಗಿನ ಅಂಚು ಮಾತ್ರ ಬೂದು ಬಣ್ಣದಲ್ಲೇ ಉಳಿಯುತ್ತದೆ.

ಗುಲಾಬಿ ಎಂದರೆ ಅಲ್ಲಿ ಕ್ಷಾರ ಇನ್ನೂ ಇದೆ, ಕಬ್ಬಿಣಕ್ಕೆ ರಕ್ಷಣೆ ಇದೆ. ಬೂದು ಎಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಲ್ಲಿವರೆಗೆ ನುಗ್ಗಿ ಕ್ಷಾರ ಇಳಿಸಿದೆ. ಬೂದು ಪಟ್ಟಿ 15 ಮಿಲಿಮೀಟರ್, ಕಬ್ಬಿಣ ಇರುವುದು 40 ಮಿಲಿಮೀಟರ್ ಒಳಗೆ ಅಂದರೆ ನಿದ್ದೆ ಮಾಡಬಹುದು. ಬೂದು ಕಬ್ಬಿಣವನ್ನು ದಾಟಿದ್ದರೆ, ತೇವವೂ ಸೇರಿದಾಗ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ.

ಇದರ ಜೊತೆ ಕೋರ್, ಅಂದರೆ ಕಾಂಕ್ರೀಟಿನ ಉರುಳೆಯಾಕಾರದ ತುಂಡು, ಕೊರೆದು ತೆಗೆದು ಒತ್ತಡ ಪರೀಕ್ಷೆ, ಉಪ್ಪಿನಂಶದ ಪರೀಕ್ಷೆ ಎರಡೂ ಬೇಕು. ಉಪ್ಪು ಹೊಕ್ಕಿದ್ದರೆ ಗುಲಾಬಿ ಬಣ್ಣ ನೋಡಿ ಸಮಾಧಾನಪಡುವಂತಿಲ್ಲ. ಕ್ಷಾರ ಇದ್ದರೂ ಅದು ಕಬ್ಬಿಣ ತಿನ್ನುತ್ತದೆ.

ಹಳೇ ಡ್ರಾಯಿಂಗ್ ಯಾವುದೂ ಸಿಗ್ತಿಲ್ಲ. ಮುಂದುವರಿಬಹುದಾ?

ಬಹುದು. ಲೇಸರ್ ಸ್ಕ್ಯಾನ್‌ನಿಂದ ಆಕಾರದ ಅಳತೆ ಸಿಗುತ್ತದೆ. ರಾಡಾರ್, ಕವರ್ ಮೀಟರ್ ಹಿಡಿದರೆ ಒಳಗಿನ ಕಬ್ಬಿಣ ಎಲ್ಲಿದೆ ಎಂದು ಗೊತ್ತಾಗುತ್ತದೆ. ಪಾಯ ನೋಡಲು ಕೆಲವು ಪಿಲ್ಲರುಗಳ ಪಕ್ಕ ಗುಂಡಿ ತೋಡಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಒಂದು ಎಚ್ಚರಿಕೆ. ಕೆಲವು ಆಫೀಸ್, ಮಾಲುಗಳ ಸ್ಲ್ಯಾಬಿನಲ್ಲಿ ಎಳೆದು ಬಿಗಿದ ಉಕ್ಕಿನ ಕೇಬಲ್ ಇರುತ್ತದೆ. ಗೊತ್ತಿಲ್ಲದೆ ಅದನ್ನು ಕತ್ತರಿಸಿದರೆ ಸ್ಲ್ಯಾಬಿನ ಶಕ್ತಿಯೇ ಹೋಗಬಹುದು, ಪಕ್ಕದಲ್ಲಿದ್ದವರಿಗೂ ಅಪಾಯ. ಪಿಲ್ಲರ್ ದೂರ ದೂರ ಇದ್ದು ಸ್ಲ್ಯಾಬ್ ತೆಳುವಾಗಿ ಕಂಡರೆ, ಖಾತ್ರಿಯಾಗುವವರೆಗೆ ಒಂದು ರಂಧ್ರವನ್ನೂ ಕೊರೆಯಲು ಬಿಡಬೇಡಿ.

ಹಳೇ ಕಟ್ಟಡದಲ್ಲಿ ವಿಷದ ವಸ್ತು ಇರುತ್ತೆ ಅಂತಾರೆ, ಸುಮ್ನೆ ಹೆದರಿಸೋದಾ?

ಹೆದರಿಸುವುದಲ್ಲ. ಸಿಮೆಂಟ್ ಶೀಟು, ಪೈಪಿನ ಸುತ್ತುವಸ್ತ್ರ, ಹಳೇ ನೆಲದ ಟೈಲ್ಸಿನಲ್ಲಿ ಆಸ್ಬೆಸ್ಟಸ್, ಅಂದರೆ ಕಲ್ನಾರು, ಇರಬಹುದು. ಬಣ್ಣದಲ್ಲಿ ಸೀಸ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ. ಮುಟ್ಟದೆ ಬಿಟ್ಟರೆ ಆಸ್ಬೆಸ್ಟಸ್ ಬಹುಮಟ್ಟಿಗೆ ಸುಮ್ಮನಿರುತ್ತದೆ, ಒಡೆದಾಗ ಅದರ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಒಡೆಯುವ ಕೆಲಸ ಶುರುವಾಗುವ ಮುಂಚೆಯೇ ಮಾದರಿ ತೆಗೆಸಿ.

## ಯಾವುದನ್ನು ಏನು ಮಾಡಬಹುದು

ಆಫೀಸ್ ಕಟ್ಟಡನ ಮನೆ ಮಾಡೋದು ಸುಲಭ ಅಲ್ವಾ? ಗೋಡೆ ಕಟ್ಟಿದ್ರೆ ಮುಗೀತಲ್ಲ?

ಭಾರದ ಮಟ್ಟಿಗೆ ಸುಲಭ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕದಲ್ಲಿ, ಆಫೀಸಿನದನ್ನು 250ರಿಂದ 400 ಕಿಲೋ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ಹಾಗಾಗಿ ಆಫೀಸಿನ ಸ್ಲ್ಯಾಬಿಗೆ ಮನೆ ಹಗುರ. ಇಟ್ಟಿಗೆ ಗೋಡೆ ಎಬ್ಬಿಸಿ ಆ ಉಳಿತಾಯ ಹಾಳು ಮಾಡದಿದ್ದರೆ ಸರಿ.

ಕಷ್ಟ ಇರುವುದು ಬೆಳಕಿನಲ್ಲಿ. ಟ್ಯೂಬ್‌ಲೈಟ್, ಎಸಿ ಬರುವ ಮುಂಚಿನ ಆಫೀಸುಗಳಲ್ಲಿ ಎಲ್ಲರೂ ಕಿಟಕಿ ಹತ್ತಿರವೇ ಕೂರಬೇಕಿತ್ತು, ಹಾಗಾಗಿ ಕಟ್ಟಡಗಳು ತೆಳುವಾಗಿದ್ದವು. ಅವು ಮನೆಗೆ ಚೆನ್ನಾಗಿ ಒಗ್ಗುತ್ತವೆ. 1960ರ ನಂತರದವು ದಪ್ಪ. ನಡುಭಾಗದಲ್ಲಿ ಕಿಟಕಿಯೇ ಇಲ್ಲದ ಜಾಗ ಎಕರೆಗಟ್ಟಲೆ. ಅಂದರೆ ವಯಸ್ಸಾದ ಕಟ್ಟಡವೇ ಸುಲಭ, ಆಮೇಲೆ ಬಂದದ್ದೇ ಕಷ್ಟ.

ನ್ಯೂಯಾರ್ಕಿನ 25 ವಾಟರ್ ಸ್ಟ್ರೀಟ್ ಇದಕ್ಕೆ ಕಂಡುಕೊಂಡ ಉಪಾಯ ನೋಡಿ. 1960ರ ದಶಕದ ಕೊನೆಯಲ್ಲಿ ಎದ್ದ 22 ಮಹಡಿಯ ಆಫೀಸ್ ಅದು, ಕಿಟಕಿಗಳು ಬರೀ ಸೀಳು. ನಡುವೆ ಎರಡು ಬಾವಿಯಂಥ ಅಂಗಳಗಳನ್ನು ಮೇಲಿಂದ ಕೆಳಗೆ ಕೊರೆದರು. ಕಳೆದುಕೊಂಡ ಜಾಗಕ್ಕೆ ಬದಲಾಗಿ ಮೇಲೆ 10 ಮಹಡಿ ಸೇರಿಸಿದರು. ಈಗ ಅಲ್ಲಿ ಸುಮಾರು 1,300 ಮನೆಗಳಿವೆ.

ತದ್ವಿರುದ್ಧದ ಪಾಠ ಇಂಗ್ಲೆಂಡಿನದು. 2013ರಲ್ಲಿ ಅಲ್ಲಿ ಆಫೀಸನ್ನು ಮನೆ ಮಾಡಲು ಪೂರ್ಣ ಪ್ರಮಾಣದ ಯೋಜನಾ ಅನುಮತಿ ಬೇಕಿಲ್ಲ ಎಂದರು. ಮನೆಗಳು ಬೇಗ ಬಂದವು. ಆದರೆ ಹಲವು ಇಕ್ಕಟ್ಟು, ಕೆಲವಕ್ಕೆ ಕಿಟಕಿಯೂ ಇಲ್ಲ. ಮುಖ್ಯ ಕೋಣೆಗಳಿಗೆಲ್ಲ ಹಗಲಿನ ಬೆಳಕು ಇರಲೇಬೇಕು ಎಂದು ನಿಯಮ ತರುವಷ್ಟರಲ್ಲಿ 2020 ಆಯಿತು. ಕನಿಷ್ಠ ಅಳತೆಯ ನಿಯಮ ಬಂದದ್ದು 2021ರಲ್ಲಿ.

ಮುಚ್ಚಿಹೋದ ಮಾಲ್‌ಗೆ ಏನು ಗತಿ?

ಮನೆಯಂತೂ ಅಲ್ಲ. ಮಾಲ್ ತುಂಬಾ ಆಳ, ಹೊರಗೋಡೆಗೆ ಕಿಟಕಿ ಇಲ್ಲ. ಆದರೆ ಎತ್ತರದ ಸೀಲಿಂಗ್, ಅಗಲವಾದ ಓಡಾಟದ ಜಾಗ, ಸರಕು ಇಳಿಸುವ ವ್ಯವಸ್ಥೆ, ದೊಡ್ಡ ಪಾರ್ಕಿಂಗ್, ಬಸ್ ಸಂಪರ್ಕ ಎಲ್ಲ ಇದೆ. ಜನ ಗುಂಪಾಗಿ ಬಂದು ಹೋಗುವ, ಕೋಣೆಗೊಂದು ಕಿಟಕಿ ಕೇಳದ ಕೆಲಸ ಹುಡುಕಬೇಕು.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒನ್ ಹಂಡ್ರೆಡ್ ಓಕ್ಸ್ ಮಾಲಿನ ಮೇಲ್ಮಹಡಿಯನ್ನು ವ್ಯಾಂಡರ್‌ಬಿಲ್ಟ್ ವೈದ್ಯಕೀಯ ಕೇಂದ್ರ 2009ರಲ್ಲಿ ಹೊರರೋಗಿ ಚಿಕಿತ್ಸಾಲಯಗಳಾಗಿ ಮಾಡಿತು. ಕೆಳಗೆ ಅಂಗಡಿಗಳು ಮುಂದುವರಿದವು. ಆಸ್ಟಿನ್‌ನ ಹೈಲ್ಯಾಂಡ್ ಮಾಲ್ ಸಮುದಾಯ ಕಾಲೇಜು ಆಯಿತು. ಮೊದಲು ಬದಲಾದದ್ದು ಅಲ್ಲಿನ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್.

ಸಿನಿಮಾ ಮಂದಿರ, ಪಾರ್ಕಿಂಗ್ ಬಿಲ್ಡಿಂಗ್, ಗೋದಾಮು?

ಗೋದಾಮು ಎಲ್ಲಕ್ಕಿಂತ ಸಲೀಸು. ಭಾರ ತಡೆಯುವ ನೆಲ, ಎತ್ತರದ ಸೂರು. ಸಿನಿಮಾ ಮಂದಿರದಲ್ಲಿ ಇಳಿಜಾರು ನೆಲ ತೊಡಕು, ಆದರೆ ಒಳಗಿನ ಎತ್ತರ ಬೇರೆಲ್ಲೂ ಸಿಗದು. ಬ್ಯೂನಸ್ ಐರಿಸ್‌ನಲ್ಲಿ 1919ರ ನಾಟಕ ಮಂದಿರವೊಂದು ಸಿನಿಮಾ ಮಂದಿರವಾಗಿ, 2000ದಲ್ಲಿ ಎಲ್ ಅಟೆನಿಯೊ ಪುಸ್ತಕದ ಅಂಗಡಿಯಾಯಿತು. ಬಾಲ್ಕನಿಗಳಲ್ಲಿ ಈಗ ಕಪಾಟುಗಳು. ಬಹುಮಹಡಿ ಪಾರ್ಕಿಂಗ್ ಮಾತ್ರ ಮೊಂಡು. ಸೀಲಿಂಗ್ ತಗ್ಗು, ನೆಲವೇ ಇಳಿಜಾರು. ಅದರಲ್ಲಿ ಸ್ಟುಡಿಯೊ, ಸಂತೆ, ಗೋದಾಮಿನ ಆಚೆಗೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಲೈಬ್ರರಿ ಮಾಡೋಣ ಅಂತಿದ್ದೀವಿ, ಅದಕ್ಕೇನೂ ತೊಂದರೆ ಇಲ್ವಲ್ಲ?

ಇದೆ. ಪುಸ್ತಕ ಭಾರಿ ತೂಕ. ಒತ್ತೊತ್ತಾಗಿ ಕಪಾಟು ಇಡುವ ಜಾಗಕ್ಕೆ ಚದರ ಮೀಟರಿಗೆ 600 ಕಿಲೋ ಅಥವಾ ಅದಕ್ಕೂ ಜಾಸ್ತಿ ಹಿಡಿಯಬೇಕು. ಆಫೀಸಿನ ಮೇಲ್ಮಹಡಿಯಲ್ಲಿ ಓದುವ ಕೋಣೆ ಇರಲಿ, ಪುಸ್ತಕದ ರಾಶಿ ನೆಲಮಹಡಿಯಲ್ಲಿರಲಿ. ಜಿಮ್ ಮಾಡುವವರಿಗೂ ಇದೇ ಮಾತು, ಅಲ್ಲಿ ತೂಕದ ಜೊತೆ ಅದುರುವಿಕೆಯೂ ಇದೆ.

## ಕೆಲಸ ಆಳಕ್ಕೆ ಇಳಿದಾಗ

ಇಷ್ಟು ಗಟ್ಟಿ ಇದೆ ಅಂದ್ಮೇಲೆ ಮೇಲೆ ಇನ್ನೆರಡು ಫ್ಲೋರ್ ಹಾಕ್ಬಹುದಾ?

ಲೆಕ್ಕ ಹಾಕಿದ ಮೇಲೆ ಹೇಳಬೇಕಾದ ಮಾತು. ಆಫೀಸ್‌ನಿಂದ ಮನೆಗೆ ಬಂದಾಗ ನೆಲದ ಭಾರ ಇಳಿಯುತ್ತದೆ. ಹಳೇ ದಪ್ಪ ಗಾರೆ ನೆಲ, ಇಟ್ಟಿಗೆ ಪಾರ್ಟಿಷನ್ ತೆಗೆದರೆ ಇನ್ನಷ್ಟು ಇಳಿಯುತ್ತದೆ. ಅಷ್ಟೇ ಭಾರವನ್ನು ಮೇಲೆ ಹಗುರ ಉಕ್ಕಿನಲ್ಲೋ ಮರದಲ್ಲೋ ಖರ್ಚು ಮಾಡಬಹುದು. ಆದರೆ ಪಾಯಕ್ಕೆ ಬರುವ ಭಾರ ಸರಿಹೋದರೂ, ಎತ್ತರ ಹೆಚ್ಚಿದಾಗ ಗಾಳಿ ಮತ್ತು ಭೂಕಂಪದ ಅಡ್ಡಬಲ ಬೇರೆಯೇ ಲೆಕ್ಕ.

ಈ ವಿಷಯದಲ್ಲಿ ಸಿಡ್ನಿಯ ಕ್ವೇ ಕ್ವಾರ್ಟರ್ ಟವರ್ ತೀರಾ ಧೈರ್ಯದ ಕೆಲಸ. 1976ರ ಎಎಂಪಿ ಸೆಂಟರ್ ಎಂಬ ಆಫೀಸ್ ಗೋಪುರದ ಬೀಮು, ಪಿಲ್ಲರು, ಸ್ಲ್ಯಾಬುಗಳಲ್ಲಿ ಸುಮಾರು 65% ಉಳಿಸಿದರು. ನಡುವಿನ ಲಿಫ್ಟ್ ಗೋಡೆಗಳಲ್ಲಿ 95%. ಪಕ್ಕಕ್ಕೆ ಹೊಸ ಮಹಡಿ ಅಂಟಿಸಿ ಜಾಗವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದರು.

ಪೈಪು, ಡಕ್ಟು ಎಲ್ಲ ಎಲ್ಲಿಂದ ಹಾಯಿಸೋದು?

ಎಷ್ಟೋ ಚೆಂದದ ಪ್ಲಾನುಗಳು ಸಾಯುವುದು ಇಲ್ಲೇ. ಆಫೀಸಿನಲ್ಲಿ ಶೌಚಾಲಯ ಒಂದೇ ಕಡೆ, ಮನೆಗಳಾದರೆ ಮಹಡಿಗೆ ಹತ್ತು ಕಡೆ. 110 ಮಿಲಿಮೀಟರಿನ ಮಲಿನ ನೀರಿನ ಪೈಪನ್ನು 40ಕ್ಕೆ 1ರ ಇಳಿಜಾರಿನಲ್ಲಿ ಹಾಕುತ್ತೀರಿ ಎಂದುಕೊಳ್ಳಿ. 6 ಮೀಟರ್ ದೂರದ ಶಾಫ್ಟಿಗೆ, ಅಂದರೆ ಪೈಪುಗಳು ಮಹಡಿಯಿಂದ ಮಹಡಿಗೆ ಇಳಿಯುವ ಕೊಳವೆಯಂಥ ಜಾಗಕ್ಕೆ, ಹೋಗುವಷ್ಟರಲ್ಲಿ ಅದು 15 ಸೆಂಟಿಮೀಟರ್ ಇಳಿದಿರುತ್ತದೆ. ಪೈಪಿನ ದಪ್ಪ, ಹಿಡಿಕೆ, ಸೀಲಿಂಗ್ ಬೋರ್ಡು ಸೇರಿದರೆ 30 ಸೆಂಟಿಮೀಟರ್ ಹೋಯಿತು. ಬೀಮಿನ ತಳದವರೆಗೆ 2.6 ಮೀಟರ್ ಇದ್ದ ಕೋಣೆಯಲ್ಲಿ ಉಳಿದದ್ದು 2.3.

ಹಾಗಾಗಿ ಹೊಸ ಶಾಫ್ಟುಗಳನ್ನು ಜಾಸ್ತಿ ಕಡೆ, ಪಿಲ್ಲರಿನ ಪಕ್ಕ ಅಲ್ಲದೆ ಸ್ಲ್ಯಾಬಿನ ನಡುವೆ ಕೊರೆಯಿರಿ. ಪಿಲ್ಲರಿನ ಬುಡದಲ್ಲಿ ಸ್ಲ್ಯಾಬಿಗೆ ಒತ್ತಡ ಜಾಸ್ತಿ, ಅಲ್ಲಿ ರಂಧ್ರ ಮಾಡಬಾರದು. ಮಾಲ್ ಆದರೆ ಎಸ್ಕಲೇಟರ್ ತೆಗೆದ ತೂತು ಇದ್ದೇ ಇದೆ, ಅದನ್ನು ಮುಚ್ಚುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಬೆಂಕಿ, ಭೂಕಂಪದ ನಿಯಮ ಹಳೇ ಕಟ್ಟಡಕ್ಕೂ ಹೊಸದರ ಹಾಗೇನಾ?

ಬಳಕೆ ಬದಲಾದರೆ ಬಹಳ ಕಡೆ ಹೌದು, ಪೂರ್ತಿ ಅಲ್ಲದಿದ್ದರೂ ಬಹುಪಾಲು. ಆಫೀಸಿನಲ್ಲಿ ಜನ ಎಚ್ಚರವಾಗಿರುತ್ತಾರೆ, ಮನೆ ಮತ್ತು ಹೋಟೆಲಿನಲ್ಲಿ ನಿದ್ದೆಯಲ್ಲಿರುತ್ತಾರೆ. ಎರಡನೇ ಮೆಟ್ಟಿಲು, ಹೊಗೆ ತಡೆಯುವ ಬಾಗಿಲು, ಅಲಾರಂ, ಸ್ಪ್ರಿಂಕ್ಲರ್ ಕೇಳುವುದು ಅದಕ್ಕೇ. ಶಾಫ್ಟಿನ ಸುತ್ತ ತೂತು ಬಿಟ್ಟರೆ ಹೊಗೆ ಅದರಲ್ಲೇ ಮೇಲೇರುತ್ತದೆ, ಮುಚ್ಚುವ ಕೆಲಸವನ್ನು ಕಣ್ಣಾರೆ ನೋಡಿ.

ಭೂಕಂಪದ ವಿಷಯದಲ್ಲಿ ಕಮರ್ಷಿಯಲ್ ಕಟ್ಟಡಗಳ ದೊಡ್ಡ ದೌರ್ಬಲ್ಯ ನೆಲಮಹಡಿ. ಅಂಗಡಿಗೋ ಪಾರ್ಕಿಂಗಿಗೋ ಅಂತ ಗೋಡೆಗಳೇ ಇಲ್ಲ, ಬರೀ ಪಿಲ್ಲರ್. ಮೇಲೆಲ್ಲ ಬಿಗಿ, ಕೆಳಗೆ ಮೆತ್ತಗೆ. ಅಲ್ಲಿ ಕಾಂಕ್ರೀಟ್ ಗೋಡೆ ಸೇರಿಸುವುದು, ಉಕ್ಕಿನ ಅಡ್ಡಪಟ್ಟಿ ಕೊಡುವುದು, ಪಿಲ್ಲರಿಗೆ ಕವಚ ಹಾಕುವುದು ಸಾಮಾನ್ಯ ಪರಿಹಾರ.

ಪರಿಸರದ ಲೆಕ್ಕ ನಿಜಕ್ಕೂ ಕೂಡುತ್ತಾ? ಹೊಸ ಕಟ್ಟಡ ಕರೆಂಟ್ ಉಳಿಸುತ್ತಲ್ಲ?

ಉಳಿಸುತ್ತದೆ, ಆದರೆ ಇಂಗಾಲದ ಸಾಲ ಹೊತ್ತುಕೊಂಡೇ ಹುಟ್ಟುತ್ತದೆ. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 8% ಸಿಮೆಂಟ್ ತಯಾರಿಕೆಯದು. ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ 2011ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಸಾಧಾರಣ ಕಟ್ಟಡಕ್ಕಿಂತ 30% ಕಮ್ಮಿ ಇಂಧನ ಬಳಸುವ ಹೊಸ ಕಟ್ಟಡಕ್ಕೂ ತನ್ನ ನಿರ್ಮಾಣದ ಸಾಲ ತೀರಿಸಲು 10ರಿಂದ 80 ವರ್ಷ ಬೇಕು. ಇದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಗೋದಾಮನ್ನು ಮನೆ ಮಾಡುವಾಗ ಹೊಸ ಸಾಮಗ್ರಿ ವಿಪರೀತ ತುಂಬಿದರೆ ಹಳೇದನ್ನು ಉಳಿಸಿದ ಲಾಭ ಉಳಿಯುವುದಿಲ್ಲ. ಪಿಲ್ಲರ್ ಉಳಿಸಿ, ಮೈತುಂಬ ಗಾಜು ಹೊದಿಸಿದರೂ ಇದೇ ಆಗುವುದು. ಉಳಿಸಿದ ಕಟ್ಟಡಕ್ಕೆ ನೆರಳು, ತಾರಸಿಗೆ ಶಾಖ ತಡೆಯುವ ಪದರ, ಗಾಳಿ ಸೋರದ ಕಿಟಕಿ ಕೊಡಿ.

ಒಂದೇ ಕಾಂಪ್ಲೆಕ್ಸಿಗೆ ಇಪ್ಪತ್ತು ಜನ ಮಾಲೀಕರು. ಏನು ಮಾಡೋದು?

ಎಂಜಿನಿಯರ್‌ಗಿಂತ ಮುಂಚೆ ವಕೀಲರನ್ನು ಕರೆಯಿರಿ. ಒಬ್ಬರು ಒಪ್ಪದಿದ್ದರೂ ಲಿಫ್ಟ್, ಮೆಟ್ಟಿಲು, ತಾರಸಿ ಮುಟ್ಟುವುದು ಕಷ್ಟವಾಗಬಹುದು. ಎಲ್ಲರೂ ಸೇರಿ ಒಂದು ಸಂಸ್ಥೆ ಮಾಡಿ, ಮಳಿಗೆಯ ಬದಲಿಗೆ ಪಾಲು ಪಡೆಯುವುದು ಒಂದು ದಾರಿ. ಅದಾಗದಿದ್ದರೆ ಮಹಡಿ ಮಹಡಿಯಾಗಿ ಬದಲಿಸುವುದು. ಸಾಮಾನ್ಯವಾಗಿ ಮೇಲ್ಮಹಡಿಗಳೇ ಖಾಲಿ, ನೆಲಮಹಡಿಯ ಅಂಗಡಿಗಳು ನಡೆಯುತ್ತಿರುತ್ತವೆ. ಅವರನ್ನು ಎಬ್ಬಿಸದೆ ಮೇಲಿನದಕ್ಕೆ ಬೇರೆ ಬಾಗಿಲು ಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಈಗ ಅಲ್ಲಿರೋ ಸಣ್ಣ ಅಂಗಡಿಯವರು, ರಿಪೇರಿಯವರು ಎಲ್ಲಿಗೆ ಹೋಗ್ಬೇಕು?

ಕಟ್ಟಡ ಪೂರ್ತಿ ಖಾಲಿ ಎಂದು ಕಾಗದದಲ್ಲಿ ಬರೆದಿದ್ದರೂ ಟೈಲರ್, ವಾಚ್ ರಿಪೇರಿ, ಟ್ಯೂಷನ್ ಒಳಗೆ ಇದ್ದೇ ಇರುತ್ತಾರೆ. ಕಡಿಮೆ ಬಾಡಿಗೆಯೇ ಅವರ ಬಂಡವಾಳ. ನವೀಕರಿಸಿದ ಮೇಲೆ ಬಾಡಿಗೆ ಏರಿದರೆ ಅವರು ಊರಿನ ಅಂಚಿಗೆ ಹೋಗುತ್ತಾರೆ, ಗಿರಾಕಿ ಹಿಂದೆ ಬರುವುದಿಲ್ಲ. ಹಂತ ಹಂತವಾಗಿ ಕೆಲಸ ಮಾಡಿ, ಒಂದು ಭಾಗ ಮುಗಿದಾಗ ಅವರನ್ನು ಅಲ್ಲಿಗೆ ಸ್ಥಳಾಂತರಿಸಿ, ಕೆಲವು ವರ್ಷದ ಬಾಡಿಗೆಯನ್ನು ಕರಾರಿನಲ್ಲಿ ಬರೆದುಕೊಡುವುದು ಸಾಧ್ಯ. ಬಾಯಿಮಾತಿನ ಭರವಸೆ ಕಟ್ಟಡ ಮಾರಾಟವಾದ ದಿನವೇ ಮುಗಿಯುತ್ತದೆ.

ನಗರಾಡಳಿತ ಏನು ಮಾಡಿದ್ರೆ ಇಂಥ ಕೆಲಸ ಜಾಸ್ತಿ ಆಗುತ್ತೆ?

ಹಣಕ್ಕಿಂತ ಮೊದಲು ನಿಯಮ ಸಡಿಲಿಸಬೇಕು. ಲಾಸ್ ಏಂಜಲೀಸ್ 1999ರಲ್ಲಿ ನಗರ ಕೇಂದ್ರದ ಹಳೇ ಕಟ್ಟಡಗಳಿಗೆ ಹೊಸದಾಗಿ ಪಾರ್ಕಿಂಗ್ ಸೇರಿಸುವ ಕಡ್ಡಾಯ ತೆಗೆಯಿತು, ಮನೆಗಳ ಸಂಖ್ಯೆಯ ಮಿತಿ ಸಡಿಲಿಸಿತು. ಅದರಿಂದ 12 ಸಾವಿರಕ್ಕೂ ಹೆಚ್ಚು ಮನೆಗಳು ಬಂದವು. ಮೆಲ್ಬರ್ನ್ ನಗರ ಕೇಂದ್ರದಲ್ಲಿ ಮನೆಗಳನ್ನು ಹೆಚ್ಚಿಸುವ 1992ರ ತನ್ನ ಪೋಸ್ಟ್‌ಕೋಡ್ 3000 ಯೋಜನೆಯಲ್ಲಿ ಶುಲ್ಕ ರಿಯಾಯಿತಿ, ತಾಂತ್ರಿಕ ನೆರವಿನ ಜೊತೆ ಪಾದಚಾರಿ ದಾರಿಗಳನ್ನೂ ಸುಧಾರಿಸಿತು. ಕೆನಡಾದ ಕ್ಯಾಲ್ಗರಿ 2021ರಿಂದ ಖಾಲಿ ಆಫೀಸನ್ನು ಮನೆ ಮಾಡುವವರಿಗೆ ಚದರಡಿಗೆ 75 ಕೆನಡಾ ಡಾಲರ್ ನೇರವಾಗಿಯೇ ಕೊಟ್ಟಿತು.

ಮೂರರಲ್ಲಿ ನನಗೆ ಹಿಡಿಸಿದ್ದು ಮೆಲ್ಬರ್ನ್ ದಾರಿ. ಕಟ್ಟಡ ಸರಿಮಾಡಿ ಬೀದಿ ಬಿಟ್ಟರೆ ಸಂಜೆ ಆರರ ಮೇಲೆ ಅಲ್ಲಿ ಯಾರು ಇರುತ್ತಾರೆ?

ಯಾವಾಗ ಕೈಬಿಡ್ಬೇಕು?

ಬೀಮಿನ ತಳದವರೆಗೆ 2.3 ಮೀಟರೂ ಇಲ್ಲದಿದ್ದಾಗ. ಉಪ್ಪು ಪಿಲ್ಲರುಗಳ ಒಳಗೆಲ್ಲ ಹೊಕ್ಕು ಕಬ್ಬಿಣದ ದಪ್ಪವೇ ಕಮ್ಮಿಯಾಗಿದ್ದಾಗ. ಪಾಯ ಒಂದೊಂದು ಕಡೆ ಒಂದೊಂದು ಥರ ಕುಸಿದು, ಇನ್ನೂ ಕುಸಿಯುತ್ತಲೇ ಇದ್ದಾಗ. ಆಗಲೂ ಜೆಸಿಬಿ ತಂದು ಒಂದೇ ಸಲಕ್ಕೆ ನುಗ್ಗಿಸಬೇಡಿ. ಬಾಗಿಲು, ಕಿಟಕಿ, ಉಕ್ಕಿನ ಬೀಮು, ಕಲ್ಲು, ತಾಮ್ರದ ತಂತಿ ಬಿಡಿಸಿ ತೆಗೆಯಲು ಟೆಂಡರಿನಲ್ಲೇ ದಿನ ಕೊಡಿ. ಉಳಿದ ಕಾಂಕ್ರೀಟನ್ನು ಪುಡಿ ಮಾಡಿ ರಸ್ತೆಯ ತಳಕ್ಕೆ ಹಾಕಬಹುದು.